ಶ್ರೀ-ಸಾನ್

ನನ್ನ ಷಡ್ಡಕ ಶ್ರೀನಿವಾಸ ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಹೋಗಿ ಹನ್ನೊಂದು ವಾರ ಇದ್ದು ಬಂದ. ಹೋದವನು ಶ್ರೀನಿವಾಸ, ಬಂದವನು ಶ್ರೀ-ಸಾನ್. ಅಲ್ಲಿ ಆಫೀಸಿನವರು ಹಾಗೆ ಕರೆಯುತ್ತಿದ್ದರಂತೆ. ಅವರು ಮರ್ಯಾದೆಗೆ ಕರೆದರು, ಇವನು ಅದನ್ನೇ ಹೆಸರು ಮಾಡಿಕೊಂಡ. ಫೋನೆತ್ತಿದರೆ ‘ಶ್ರೀ-ಸಾನ್ ಮಾತಾಡ್ತಿರೋದು’ ಎನ್ನುತ್ತಾನೆ. ಜಪಾನಿನಲ್ಲಿ ‘ಸಾನ್’ ಎದುರಿನವರಿಗೆ ಕೊಡುವ ಗೌರವ. ತನ್ನ ಹೆಸರಿಗೆ ತಾನೇ ಅಂಟಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಅದಿರಲಿ, ನಮ್ಮ ‘ಶ್ರೀ’ಯೂ ಗೌರವದ ಮಾತೇ ತಾನೆ? ಹಿಂದೊಂದು ಗೌರವ, ಮುಂದೊಂದು ಗೌರವ, ನಡುವೆ ಇರಬೇಕಾದ ಮನುಷ್ಯ ನಾಪತ್ತೆ.

ಇಂಥವನೊಬ್ಬ ಈಗ ಬೆಂಗಳೂರಿನ ಪ್ರತಿ ಬಳಗದಲ್ಲೂ ಇದ್ದಾನೆ. ಹಿಂದೆ ಅಮೆರಿಕಕ್ಕೆ ಹೋಗಿ ಬಂದವರು ಇಲ್ಲಿನ ಧೂಳನ್ನು, ಟ್ರಾಫಿಕ್ಕನ್ನು ಬೈಯುತ್ತಿದ್ದರು. ನಾವೂ ನಾಲ್ಕು ಮಾತು ಸೇರಿಸಿ ಬೈದು, ಕಾಫಿ ಕೊಟ್ಟು ಕಳಿಸಿಬಿಡಬಹುದಿತ್ತು. ಜಪಾನಿಗೆ ಹೋಗಿ ಬಂದವರು ಬೈಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ಮನೆಗೆ ಬಂದರೆ ಬಾಗಿಲಲ್ಲಿ ನಾವು ಬಿಟ್ಟ ಚಪ್ಪಲಿ ನೋಡುತ್ತಾರೆ, ಒಂದು ನಿಟ್ಟುಸಿರು ಬಿಟ್ಟು, ಬಗ್ಗಿ, ಮೂತಿ ರಸ್ತೆಯ ಕಡೆಗೆ ಬರುವಂತೆ ಅವನ್ನು ಜೋಡಿಸುತ್ತಾರೆ. ಬೈಸಿಕೊಂಡಿದ್ದರೇ ವಾಸಿಯಾಗಿತ್ತು ಅನ್ನಿಸುತ್ತದೆ.

ಈ ಊರಲ್ಲಿ ಜಪಾನಿ ಊಟ ಎಲ್ಲಿ ಚೆನ್ನಾಗಿರುತ್ತೆ ಅಂತ ಶ್ರೀ-ಸಾನ್‌ನನ್ನು ಯಾರಾದರೂ ಕೇಳಬೇಕು. ಯಾರೂ ಕೇಳದಿದ್ದರೆ ತಾನೇ ಕೇಳಿಕೊಳ್ಳುತ್ತಾನೆ. ಉತ್ತರ ಬಿಡದಿಯಿಂದ ಹೊರಡುತ್ತದೆ. “ಭಾವ, 1997ರಲ್ಲಿ ಟೊಯೋಟಾದವರು ಕಿರ್ಲೋಸ್ಕರ್ ಜೊತೆ ಸೇರಿ ಕಂಪನಿ ಕಟ್ಟಿ ಬಿಡದಿಗೆ ಬಂದ್ರಲ್ಲ, ಅವರ ಹಿಂದೆ ಬಿಡಿಭಾಗದವರು ಬಂದ್ರು, ಅವರ ಹಿಂದೆ ಅಡುಗೆ ಬಂತು” ಎಂದು ಮೈಸೂರು ರಸ್ತೆ ಹಿಡಿದು ನಿಧಾನವಾಗಿ ಊರೊಳಕ್ಕೆ ಬರುತ್ತಾನೆ. ರೆಸಿಡೆನ್ಸಿ ರೋಡಿನ ದೇವತಾ ಪ್ಲಾಜಾದ ಮೇಲಂತಸ್ತಿನ ‘ಹರಿಮಾ’, ಅದೇ ರಸ್ತೆಯ ಐಟಿಸಿ ಗಾರ್ಡೇನಿಯಾದೊಳಗಿನ ‘ಎಡೋ’, ಲ್ಯಾವೆಲ್ ರೋಡಿನ ಚಾನ್ಸರಿ ಹೋಟೆಲಿನ ‘ಮತ್ಸುರಿ’, ಹೀಗೆ ಒಂದೊಂದನ್ನೂ ಪಂಚಕ್ಷೇತ್ರದಂತೆ ಕಣ್ಣು ಅರೆಮುಚ್ಚಿ ಹೇಳುತ್ತಾನೆ. ಒಳ್ಳೆಯ ಜಾಗ ಗುರುತಿಸಲು ಅವನದೊಂದು ಸೂತ್ರವಿದೆ: “ಮೆನು ನೋಡ್ಬಾರ್ದು, ಪಕ್ಕದ ಮೇಜು ನೋಡ್ಬೇಕು. ಜಪಾನಿನವರು ಟೈ ಸಡಿಲ ಮಾಡಿಕೊಂಡು ಕೂತಿದ್ರೆ ನಾವೂ ಕೂರೋದು. ಸುಶಿ, ಥಾಯ್ ಕರಿ, ಗೋಬಿ ಮಂಚೂರಿ ಮೂರೂ ಒಂದೇ ಹಾಳೆಯಲ್ಲಿದ್ರೆ ನೀರು ಕುಡಿದು ಎದ್ದು ಬರೋದು.” ಈ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಇಡ್ಲಿ, ಪಿಜ್ಜಾ, ಫಲೂದಾ ಒಂದೇ ಬೋರ್ಡಿನಲ್ಲಿ ಕಂಡರೆ ನಾವೂ ಕಾಫಿಗಷ್ಟೇ ನಿಲ್ಲುವುದಿಲ್ಲವೆ?

ಅಪ್ಪಟ ಸಸ್ಯಾಹಾರಿ ಮನೆಯ ಹುಡುಗ ಇವನು. ಮಂಗಳೂರು ಕಡೆಯ ಹೋಟೆಲಿನ ಮುಂದೆ ಬಂಗುಡೆ ಹುರಿಯುವ ವಾಸನೆ ಬಂದರೆ ಈಗಲೂ ಕರವಸ್ತ್ರ ಮೂಗಿಗೆ ಹೋಗುತ್ತದೆ. ಅದೇ ಬಂಗುಡೆಯ ದಾಯಾದಿ ‘ಸಾಬಾ’ ಎಂಬ ಹೆಸರಿನಲ್ಲಿ ಕಪ್ಪು ತಟ್ಟೆಯಲ್ಲಿ ಬಂದರೆ ಕಣ್ಣು ಮುಚ್ಚಿ ಆಸ್ವಾದಿಸುತ್ತಾನೆ. “ಇದು ಮಾಂಸಾಹಾರ ಅಲ್ಲ ಭಾವ, ಸಂಸ್ಕೃತಿ. 2013ರಲ್ಲಿ ಯುನೆಸ್ಕೋದವರು ಜಪಾನಿ ಊಟದ ಪರಂಪರೆಯನ್ನ ಪಟ್ಟಿಗೆ ಸೇರಿಸಿದ್ದಾರೆ.” ಯುನೆಸ್ಕೋ ಅನುಮತಿ ಕೊಟ್ಟ ಮೇಲೆ ನಮ್ಮದೇನಿದೆ? ಆದರೆ ಅವನು ಟೋಕಿಯೋದಲ್ಲಿ ಇದ್ದದ್ದು ಎಡೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ. ಭಾರತದ ಸಾಫ್ಟ್‌ವೇರಿನವರೇ ತುಂಬಿಕೊಂಡು, ತೊಗರಿಬೇಳೆಯಿಂದ ಕರಿಬೇವಿನವರೆಗೆ ಎಲ್ಲ ಸಿಗುವ ಪೇಟೆ ಅದು. ಹೊರಡುವಾಗ ನನ್ನ ನಾದಿನಿ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಗೊಜ್ಜಿನ ಎರಡು ಡಬ್ಬಿಯೂ ತೊಳೆದಷ್ಟು ಖಾಲಿಯಾಗಿ ವಾಪಸು ಬಂದವು ಎಂಬ ಮಾತನ್ನು ಅವಳೇ ನನಗೆ ಹೇಳಿದ್ದು.

ಮೊನ್ನೆ ನಮ್ಮ ಮಾವನವರ ಹುಟ್ಟಿದ ದಿನ. ಅಕ್ಕತಂಗಿಯರಿಬ್ಬರೂ ಅತ್ತೆಯನ್ನು ಕರೆದುಕೊಂಡು ಒಂದು ಆರತಕ್ಷತೆಗೆ ಹೋಗಿದ್ದರು. “ಮಾವನಿಗೆ ನಿಜವಾದ ಜಪಾನ್ ತೋರಿಸೋಣ” ಎಂದ ಶ್ರೀ-ಸಾನ್.

ನಮ್ಮ ಮಾವ ಎಚ್‌ಎಂಟಿಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ, ದೇಶಕ್ಕೆಲ್ಲ ಗಂಟೆ ಹೇಳಿಕೊಟ್ಟ ಆ ಕೈಗಡಿಯಾರದ ಕಾರ್ಖಾನೆಯಲ್ಲಿ. ಎಪ್ಪತ್ನಾಲ್ಕರಲ್ಲಿ ಅವರನ್ನು ತರಬೇತಿಗೆಂದು ನಾಲ್ಕು ತಿಂಗಳು ಟೋಕಿಯೋಗೆ ಕಳಿಸಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಏಕೆಂದರೆ ನಮ್ಮತ್ತೆ ಪ್ರತಿ ಮದುವೆ ಮುಂಜಿಯಲ್ಲೂ ಅದನ್ನು ಹೇಳುತ್ತಾರೆ: “ನಾಲ್ಕು ತಿಂಗಳು ಬರೀ ಅನ್ನ, ಬಾಳೆಹಣ್ಣು. ಒಂದು ಹನಿ ಬೇರೆ ಮುಟ್ಟಲಿಲ್ಲ. ಹೋದ ಹಾಗೇ ವಾಪಸು ಬಂದ್ರು.” ಮಾವ ಆಗ ತಲೆ ತಗ್ಗಿಸಿ ವಾಚಿಗೆ ಕೀಲಿ ಕೊಡುತ್ತಾರೆ. ಅದನ್ನು ನಾವು ವಿನಯ ಎಂದುಕೊಂಡಿದ್ದೆವು. ಶ್ರೀ-ಸಾನ್ ಅಂತೂ ಆ ಪ್ರವಾಸವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. “ಪಾಪ, ಆ ಕಾಲದಲ್ಲಿ ಮಾವ ಏನು ನೋಡಿರ್ತಾರೆ?”

ಹೋದೆವು. ಯಾವ ಹೋಟೆಲು ಎಂಬುದು ಬೇಡ. ಊಟಕ್ಕೆ ಕುಂದಿರಲಿಲ್ಲ, ಇದ್ದದ್ದೆಲ್ಲ ನಮ್ಮ ಮೇಜಿನಲ್ಲೇ. ಒಳಗೆ ಕಾಲಿಟ್ಟೊಡನೆ ಹುಡುಗರು ‘ಇರಶ್ಶೈಮಾಸೆ’ ಎಂದು ಕೂಗಿದರು. ಬನ್ನಿ ಬನ್ನಿ ಎಂದಷ್ಟೇ ಅರ್ಥ. ಗಿರಾಕಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಶ್ರೀ-ಸಾನ್ ಮೂರು ಸಲ ಬಗ್ಗಿದ. ಕೂಗಿದವನು ಮಣಿಪುರದ ಕಡೆಯ ಹುಡುಗ, ಇವನು ಬಗ್ಗಿದ ರಭಸಕ್ಕೆ ಗಾಬರಿಯಾಗಿ “ಸರ್, ಏನಾದ್ರೂ ಬಿತ್ತಾ?” ಎಂದು ನೆಲ ಹುಡುಕಿದ.

ಬಿಸಿ ಒದ್ದೆ ಟವಲು ಬಂತು. ಮಾವ ಬಿಡಿಸಿ ನೆಮ್ಮದಿಯಾಗಿ ಮುಖ ಒರೆಸಿಕೊಂಡು, ಕತ್ತಿನ ಹಿಂದೂ ಒಂದು ಸಲ ಎಳೆದರು. “ಮಾವ, ಕೈಗೆ ಮಾತ್ರ!” ಎಂದು ಶ್ರೀ-ಸಾನ್ ಪಿಸುಗುಟ್ಟಿದ. ಅಷ್ಟರಲ್ಲಿ ಪಕ್ಕದ ಮೇಜಿಗೆ ಇಬ್ಬರು ಜಪಾನಿನವರು ಬಂದು ಕೂತರು. ಅವರಲ್ಲಿ ಹಿರಿಯರು ಟೈ ಸಡಿಲಿಸಿ, ಟವಲು ಬಿಡಿಸಿ, ಮುಖ ಒರೆಸಿಕೊಂಡು, ಕತ್ತಿನ ಹಿಂದೆ ಎಳೆದರು. ಶ್ರೀ-ಸಾನ್ ಮೆನು ಎತ್ತಿ ಹಿಡಿದ.

ಮೊದಲು ಎಡಮಾಮೆ ಬಂತು. ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ. ಅದನ್ನು ಹೇಗೆ ಹಿಸುಕಿ ಕಾಳು ಬಾಯಿಗೆ ಹಾರಿಸಬೇಕೆಂದು ಇವನು ಪಾಠ ಶುರುಮಾಡಿದ. ವಿ.ವಿ. ಪುರದ ಅವರೆಕಾಯಿ ಮೇಳದಲ್ಲಿ ಬೆಳೆದವರಿಗೆ, ಧನುರ್ಮಾಸದ ತಿಂಗಳಿಡೀ ಹಿತುಕಿ ಹಿತುಕಿ ಹೆಬ್ಬೆರಳು ಹಸಿರಾದವರಿಗೆ! ಅವನ ಪಾಠ ಮುಗಿಯುವಷ್ಟರಲ್ಲಿ ಬಟ್ಟಲಲ್ಲಿ ಸಿಪ್ಪೆ ಮಾತ್ರ ಇತ್ತು.

ಆಮೇಲೆ ಕಡ್ಡಿಗಳ ಅಧ್ಯಾಯ. “ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಬಾರದು, ಸತ್ತವರಿಗೆ ಹಾಗೆ ಇಡೋದು. ನನ್ನ ಕಡ್ಡಿಯಿಂದ ನಿಮ್ಮ ಕಡ್ಡಿಗೆ ಏನೂ ದಾಟಿಸಬಾರದು, ದಹನ ಆದ್ಮೇಲೆ ಮೂಳೆ ಎತ್ತೋದು ಹಾಗೆ.” ಎರಡೂ ನಿಜವೇ. ಆದರೆ ಹುಟ್ಟಿದ ದಿನದ ಊಟಕ್ಕೆ ಕರೆದುಕೊಂಡು ಹೋಗಿ, ಎಪ್ಪತ್ತೇಳು ತುಂಬಿದವರ ಮುಂದೆ ಕೂತು ಇಷ್ಟು ವಿವರವಾಗಿ ಅಸ್ಥಿಸಂಚಯನ ಹೇಳುವ ಅಳಿಯ ಬೇರೆ ಯಾರಿಗೂ ಸಿಗಲಿಕ್ಕಿಲ್ಲ.

ಸುಶಿ ಬಂತು. ನಮಗೆ ಸೌತೆಕಾಯಿಯದು, ಅವನಿಗೆ ಮೀನಿನದು. ವಾಸಾಬಿಯನ್ನು ಕೊತ್ತಂಬರಿ ಚಟ್ನಿ ಎಂದುಕೊಂಡ ಕಥೆ ಎಲ್ಲರ ಮನೆಯಲ್ಲೂ ಇದೆ. ನನ್ನದನ್ನು ಹೇಳಿ ನಿಮ್ಮ ಕಾಲ ಕಳೆಯುವುದಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ನನಗೆ ಅವನ ದನಿ ಮಾತ್ರ ಕೇಳುತ್ತಿತ್ತು: “ಇದು ಅಸಲಿ ವಾಸಾಬಿ ಅಲ್ಲ ಭಾವ, ಬೇರೆ ಜಾತಿಯ ಮೂಲಂಗಿ, ಸಾಸಿವೆ, ಹಸಿರು ಬಣ್ಣ. ಅಸಲಿಯಾಗಿದ್ರೆ ಇಷ್ಟು ಉರೀತಿರ್ಲಿಲ್ಲ.” ನಂತರ ನಿಯಮಗಳು. ವಾಸಾಬಿಯನ್ನು ಸೋಯಾ ಸಾಸಿನಲ್ಲಿ ಕಲಸುವುದು ಮಹಾಪರಾಧ. ಅನ್ನದ ಭಾಗ ಅದ್ದಬಾರದು, ಮೀನಿನ ಭಾಗ ಅದ್ದಬೇಕು. ಶುಂಠಿಯನ್ನು ಮೇಲಿಟ್ಟು ತಿನ್ನಬಾರದು, ಎರಡು ತುತ್ತಿನ ನಡುವೆ ಬಾಯಿ ಶುದ್ಧಿಗೆ. ನಮ್ಮಲ್ಲಿ ಪರಿಷೇಚನೆಗೂ ಇಷ್ಟು ಮಂತ್ರವಿಲ್ಲ.

ಪಕ್ಕದ ಮೇಜಿನ ಹಿರಿಯರು ವಾಸಾಬಿಯ ಉಂಡೆಯನ್ನು ಸೋಯಾ ಸಾಸಿಗೆ ಹಾಕಿ ಗರಗರನೆ ಕಲಸಿ, ಸುಶಿಯನ್ನು ಕೈಯಲ್ಲೇ ಎತ್ತಿ ಬಾಯಿಗಿಟ್ಟರು. ನಾನು ಶ್ರೀ-ಸಾನ್ ಮುಖ ನೋಡಿದೆ.

“ಒಸಾಕಾದವರಿರ್ಬೇಕು” ಎಂದ.

ಅಸಲಿಗೆ ಕೈಯಲ್ಲಿ ತಿನ್ನುವುದೇ ಸುಶಿಯ ಹಳೆಯ ಕ್ರಮ. ಇವನು ಉಸಿರು ಬಿಗಿಹಿಡಿದು ತಿನ್ನುವ ಆ ಅನ್ನದ ಉಂಡೆ, ಎರಡು ನೂರು ವರ್ಷದ ಹಿಂದೆ, 1820ರ ದಶಕದ ಸುಮಾರಿಗೆ, ಎಡೋ ಅಂದರೆ ಈಗಿನ ಟೋಕಿಯೋದ ಬೀದಿಬದಿಯ ತಳ್ಳಂಗಡಿಗಳಲ್ಲಿ ಹೆಸರು ಮಾಡಿದ್ದು. ಕೆಲಸ ಮುಗಿಸಿ ಮನೆಗೆ ಹೋಗುವವನು ನಿಂತಲ್ಲೇ ಎರಡು ಎತ್ತಿ ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದ. ನಮ್ಮ ಬೋಂಡ ಇದ್ದಂತೆ. 1958ರಲ್ಲಿ ಒಸಾಕಾ ಕಡೆಯ ಅಂಗಡಿಯವರೊಬ್ಬರು ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಸಾಲಾಗಿ ಸಾಗುವುದನ್ನು ನೋಡಿ, ಸುಶಿ ತಟ್ಟೆಗಳನ್ನೂ ಹಾಗೇ ಸಾಗುವ ಪಟ್ಟಿಯ ಮೇಲೆ ಬಿಟ್ಟು ಬೇಗ ಬೇಗ ಬಡಿಸಿದರು. ತಿನ್ನುವವರ ಅವಸರ ಕಂಡು ಬೆಳೆದ ತಿಂಡಿಯನ್ನು ಇವನೊಬ್ಬ ಧ್ಯಾನಕ್ಕೆ ಕೂರಿಸಿದ್ದಾನೆ.

ಹೊಟ್ಟೆ ಇನ್ನೂ ಖಾಲಿಯಿತ್ತು. ಮೆನುವಿನಲ್ಲಿ ‘ಕರೆ ರೈಸು’ ಎಂಬುದು ಕಂಡು ನಾನು ಬೆರಳಿಟ್ಟೆ. “ಛೆ! ಇಲ್ಲಿಗೆ ಬಂದು ಅನ್ನ ಹುಳಿ ತಿಂತೀರಾ?” ಎಂದು ಅವನು ಮೆನು ಕಿತ್ತುಕೊಂಡ. ಪಕ್ಕದ ಮೇಜಿಗೆ ಎರಡು ದೊಡ್ಡ ತಟ್ಟೆ ಕರೆ ರೈಸೇ ಹೋಯಿತು. ಜಪಾನಿನವರಿಗೆ ಕರಿ ಮೊದಲು ಬಂದದ್ದು ಬ್ರಿಟಿಷರ ದಾರಿಯಿಂದ. ನಮ್ಮ ಕಡೆಯ ಕರಿ ಎಂದರೇನೆಂದು ತೋರಿಸಿದ್ದು, ಇಂಗ್ಲಿಷರಿಂದ ತಪ್ಪಿಸಿಕೊಂಡು ಹೋಗಿ ಟೋಕಿಯೋದಲ್ಲಿ ನೆಲೆಸಿದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್. ಅವರಿಗೆ ಆಶ್ರಯ ಕೊಟ್ಟ ನಕಮುರಾಯಾ ಅಂಗಡಿಯವರ ಮಗಳನ್ನೇ ಅವರು ಮದುವೆಯಾದರು; ಆ ಅಂಗಡಿ 1927ರಿಂದ ಶಿಂಜುಕುವಿನಲ್ಲಿ ಭಾರತದ ಕರಿ ಬಡಿಸತೊಡಗಿತು. ಅಂದರೆ ಮಾವನ ಮನೆಗೆ ಹೋಗಿ ಅಡುಗೆ ಕಲಿಸಿಬಂದ ಅಳಿಯ ಅವರು. ನಮ್ಮ ಮಾವನಿಗೆ ಸಿಕ್ಕವನು ಊಟ ಕಿತ್ತುಕೊಳ್ಳುವ ಅಳಿಯ.

ಕೊನೆಗೆ ಮುಚ್ಚಳವಿದ್ದ ಪುಟ್ಟ ಬಟ್ಟಲುಗಳಲ್ಲಿ ಸಾರು ಬಂತು. ಶ್ರೀ-ಸಾನ್ ಕೈ ಅಡ್ಡ ಹಿಡಿದ. “ಮಾವ, ತಡೀರಿ. ಇದು ಮಿಸೋಶಿರು. ಇದರ ತಳದಲ್ಲಿ ದಾಶಿ ಇರತ್ತೆ. ಮೀನನ್ನ ಮರದ ಕೊರಡಿನ ಹಾಗೆ ಒಣಗಿಸಿ, ಬಡಗಿ ಹಲಗೆ ಉಜ್ಜಿದ ಹಾಗೆ ಹೆರೆದು, ಆ ಹೊಟ್ಟಿನ ಕಷಾಯ ತೆಗೀತಾರೆ. ಬೆಂದ ಬದನೆಕಾಯಿ ಮೇಲೂ ಸುರೀತಾರೆ. ತರಕಾರಿ ಕಂಡ ಮಾತ್ರಕ್ಕೆ ಸಸ್ಯಾಹಾರ ಅಂತ ನಂಬೋ ಹಾಗಿಲ್ಲ. ನಿಮಗೆ ಇದು ಬೇಡ, ನಾನು...”

ಮಾವ ಬಟ್ಟಲು ಕೆಳಗಿಟ್ಟರು. ಖಾಲಿಯಾಗಿತ್ತು.

“ಶಿರು ಅಂದ್ರೆ ಸಾರೇ ಅಲ್ವೇನಪ್ಪ” ಎಂದರು.

ಆಮೇಲೆ ಅವರು ಕಡ್ಡಿ ಎತ್ತಿಕೊಂಡರು. ಕೈಗಡಿಯಾರದ ತಿರುಪು ಹಿಡಿಯುತ್ತಿದ್ದ ಬೆರಳುಗಳು. ಎಡಮಾಮೆಯ ಬಟ್ಟಲಲ್ಲಿ ಸಿಪ್ಪೆಗಳ ನಡುವೆ ತಪ್ಪಿಸಿಕೊಂಡಿದ್ದ ಒಂದೇ ಒಂದು ಕಾಳನ್ನು ಕಡ್ಡಿಯ ತುದಿಯಲ್ಲಿ ಹಿಡಿದು, ಜಾರಿಸದೆ, ಬಾಯಿಗಿಟ್ಟರು. ಇಷ್ಟು ಹೊತ್ತು ಅದೇ ಕಡ್ಡಿಗಳೊಂದಿಗೆ ಕುಸ್ತಿ ಮಾಡುತ್ತಿದ್ದ ಶ್ರೀ-ಸಾನ್‌ನ ಬಾಯಿ ತೆರೆದದ್ದು ತೆರೆದೇ ಇತ್ತು.

“ಟೋಕಿಯೋ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ಮೇಲೇ ಒಂದು ಅಂಗಡಿ ಇರ್ತಿತ್ತು” ಎಂದರು ಮಾವ. “ಕೂರೋಕೆ ಜಾಗ ಇಲ್ಲ. ನಿಂತ್ಕೊಂಡೇ ತಿನ್ನೋದು. ಬಿಸಿ ಸಾರಿನಲ್ಲಿ ಸೋಬಾ ಶಾವಿಗೆ. ಸೊರ್ ಅಂತ ಎಳೀಬೇಕು, ಎಷ್ಟು ಸದ್ದಾದ್ರೂ ಯಾರೂ ತಿರುಗಿ ನೋಡಲ್ಲ. ಐದು ನಿಮಿಷ, ರೈಲು ಬರೋದ್ರೊಳಗೆ ಮುಗೀತು. ನಮ್ಮ ದರ್ಶಿನಿ ಬಂದಾಗ ಎಲ್ಲರೂ ಹೊಸದು ಹೊಸದು ಅಂದ್ರು. ನನಗೇನೂ ಹೊಸದಾಗಿ ಕಾಣ್ಲಿಲ್ಲ.”

“ಆ ಸಾರಲ್ಲೂ ದಾಶಿ ಇರತ್ತಲ್ಲ ಮಾವ?” ಶ್ರೀ-ಸಾನ್ ಅಳುಕುತ್ತ ಕೇಳಿದ.

“ಮೊದಲ್ನೇ ದಿನ ಗೊತ್ತಿರ್ಲಿಲ್ಲ. ಎರಡನೇ ದಿನ ಜೊತೆಗಿದ್ದವರು ಹೇಳಿದ್ರು. ಮೂರನೇ ದಿನ ನಾನು ಯಾರನ್ನೂ ಕೇಳ್ಲಿಲ್ಲ.”

“ಆಮೇಲೆ?” ಎಂದೆ ನಾನು.

“ಆಮೇಲೆ ನಾಲ್ಕು ತಿಂಗಳು.” ಮಾವ ವಾಚಿಗೆ ಕೀಲಿ ಕೊಡತೊಡಗಿದರು. “ಚಳಿ ನೋಡಿ, ಅಲ್ಲಿ. ನಿಮ್ಮತ್ತೆಗೆ ಹೇಳಬೇಡಿ.”

ಪಕ್ಕದ ಮೇಜಿನಲ್ಲಿ ಚಮಚ ತಟ್ಟೆಗೆ ತಾಗುವ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಶ್ರೀ-ಸಾನ್ ಬಿಲ್ಲು ತರಿಸಿ, ವಿವರಣೆಯಿಲ್ಲದೆ ದುಡ್ಡು ಕೊಟ್ಟ.

ಮನೆಗೆ ಬರುವ ಹೊತ್ತಿಗೆ ಆರತಕ್ಷತೆಯವರೂ ಬಂದಿದ್ದರು. ಅತ್ತೆ ಬಾಗಿಲಲ್ಲೇ ಕೇಳಿದರು: “ಏನು ಹಾಕಿದ್ರು ನಿಮಗೆ ಅಲ್ಲಿ? ತಿನ್ನೋ ಹಾಗಿತ್ತಾ?”

“ಅನ್ನ, ಸಾರು” ಎಂದರು ಮಾವ, ಒಳಗೆ ಹೋಗುತ್ತ.

“ಅಷ್ಟಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ! ಅವರು ಆಗಲೂ ಅಷ್ಟೇ, ಬರೀ ಅನ್ನ, ಬಾಳೆಹಣ್ಣು...” ಅತ್ತೆ ಶುರುಮಾಡಿದರು.

ಶ್ರೀ-ಸಾನ್ ನನ್ನ ಮುಖ ನೋಡಿದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಬಗ್ಗಿ, ಒಂದೊಂದು ದಿಕ್ಕಿಗೆ ಬಿದ್ದಿದ್ದ ಮಾವನ ಚಪ್ಪಲಿಗಳನ್ನು ಎತ್ತಿ, ನಿಟ್ಟುಸಿರಿಲ್ಲದೆ, ಜೋಡಿಸಿಟ್ಟ.