ಬೊರಿವಲಿಯಲ್ಲೊಂದು ಮರಸು

ಬೊರಿವಲಿ ಪೂರ್ವದ ಒಂದು ಕಟ್ಟಡದ ಏಳನೇ ಮಹಡಿ. ಬೆಳಗಿನ ಐದೂವರೆ. ಬಾಲ್ಕನಿಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಉಸಿರು ಬಿಗಿಹಿಡಿದು ಕೂತಿದ್ದರೆ ಅದನ್ನು ಪ್ರಾಣಾಯಾಮ ಎಂದುಕೊಳ್ಳಬಾರದು. ರಾಯರು ಬೇಟೆಗೆ ಹೊಂಚುಹಾಕಿ ಮರಸು ಕೂತಿದ್ದಾರೆ. ತೀರ್ಥಹಳ್ಳಿ ಕಡೆಯ ಅವರ ಅಜ್ಜನೂ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಹೀಗೇ ಕೂರುತ್ತಿದ್ದರಂತೆ. ಅಜ್ಜನ ತೊಡೆಯ ಮೇಲೆ ಜೋಡುನಳಿಗೆ ಕೋವಿ ಇರುತ್ತಿತ್ತು, ಮೊಮ್ಮಗನ ತೊಡೆಯ ಮೇಲೆ ದುರ್ಬೀನು. ಕೆಮ್ಮು ಮಾತ್ರ ಇಬ್ಬರದ್ದೂ ಒಂದೇ.

ಆ ಕೋವಿ ಊರಿನ ಮನೆಯಲ್ಲಿ ಇನ್ನೂ ಇದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಕಾಡು ಕಂಡದ್ದಿಲ್ಲ. ಚುನಾವಣೆ ಘೋಷಣೆಯಾದಾಗ ಪೊಲೀಸ್ ಠಾಣೆಗೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ರಸೀದಿ ತೋರಿಸಿದರೆ ಮನೆಗೆ ಬರುತ್ತದೆ. ಅದರ ತಿರುಗಾಟ ಅಷ್ಟೇ. ರಾಯರ ಮೈಯಲ್ಲಿದ್ದ ಶಿಕಾರಿಯ ಚಪಲ ಮಾತ್ರ ಯಾವ ಠಾಣೆಗೂ ಜಮೆಯಾಗದೆ ಉಳಿದಿತ್ತು. ಜೊತೆಗೆ ಮನೆಯ ಬೆನ್ನಿಗೇ ನೂರಕ್ಕೂ ಮಿಕ್ಕಿದ ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿ 2015ರಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದಾಗ 35 ಚಿರತೆಗಳ ಲೆಕ್ಕ ಸಿಕ್ಕಿತ್ತು. ಅಷ್ಟೊಂದು ಚಿರತೆಗಳನ್ನು ನೆರೆಯಲ್ಲಿಟ್ಟುಕೊಂಡು ಸುಡೊಕು ಬಿಡಿಸುತ್ತ ಕೂರುವುದು ಅಜ್ಜನಿಗೆ ಮಾಡುವ ಅವಮಾನವೆಂದು ರಾಯರಿಗೆ ತೋರಿತು. ದೊಡ್ಡ ಬೇಟೆ ಆಡಲೇಬೇಕು, ಕಣ್ಣಲ್ಲೇ ಆದರೂ ಸರಿ.

ಮೊದಲ ಆಯುಧವನ್ನು ಅವರು ತಂದದ್ದು ಚೋರ್ ಬಜಾರಿನಿಂದ. ಹಿತ್ತಾಳೆಯದ್ದು, ಭಾರಿ ತೂಕದ್ದು. ಯಾವನೋ ಹಡಗಿನ ಕಪ್ತಾನನದ್ದೆಂದು ಮಾರಿದವನು ಆಣೆ ಮಾಡಿದ್ದ. ಮನೆಗೆ ತಂದು ನೋಡಿದರೆ ಗಾಜಿನೊಳಗೆ ಬೂಸ್ಟು ಜೇಡರ ಬಲೆಯಂತೆ ಕವಲೊಡೆದಿತ್ತು. ಅದರಲ್ಲಿ ಇಣುಕಿದರೆ ಮುಂಬಯಿಗೆ ವರ್ಷವಿಡೀ ಜುಲೈ ತಿಂಗಳೇ. ಈ ಊರಿನ ಕಡಲ ತೇವ ಉಪ್ಪಿನಕಾಯಿಯನ್ನೂ ಬಿಡುವುದಿಲ್ಲ, ಮಸೂರವನ್ನೂ ಬಿಡುವುದಿಲ್ಲ.

ಎರಡನೆಯ ಸಲ ಫೋರ್ಟಿನ ಅಂಗಡಿಗೆ ಹೋದರು. ಅಂಗಡಿಯ ಹುಡುಗ 20×50 ಎಂದು ಬರೆದಿದ್ದ ಒಂದನ್ನು ಮುಂದಿಟ್ಟು, 'ಅಂಕಲ್, ಚಂದ್ರನ ಗುಂಡಿಗಳೂ ಕಾಣಿಸ್ತವೆ' ಎಂದ. ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ಓದಿದ ರಾಯರು ದೊಡ್ಡ ಅಂಕೆಗೆ ಮರುಳಾಗುವವರಲ್ಲ. ಮೊದಲ ಅಂಕೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಗಾತ್ರ. ಇಪ್ಪತ್ತರ ಹುಡುಗನ ಪಾಪೆ ಕತ್ತಲಲ್ಲಿ ಏಳು ಮಿಲಿಮೀಟರಿನಷ್ಟು ಅರಳುತ್ತದೆ, ಅರವತ್ತು ದಾಟಿದವರದ್ದು ಹೆಚ್ಚುಕಡಿಮೆ ಐದಕ್ಕೇ ನಿಲ್ಲುತ್ತದೆ. ಚಿರತೆ ಓಡಾಡುವುದೋ ಮಬ್ಬುಬೆಳಕಿನಲ್ಲಿ. 20×50ರಲ್ಲಿ ಬರುವುದು ಎರಡೂವರೆ ಮಿಲಿಮೀಟರ್ ಮಾತ್ರ. ಸಾಲದ್ದಕ್ಕೆ ಕೈಯ ನಡುಕವೂ ಇಪ್ಪತ್ತು ಪಟ್ಟು. 8×42ರಲ್ಲಿ ಐದೂಕಾಲು.

'ಕಾಲು ಮಿಲಿಮೀಟರ್ ಬಾಕಿ ಉಳೀತದೆ, ಉಳೀಲಿ' ಎಂದು ಖಾತೆ ಮುಗಿಸಿದ ದನಿಯಲ್ಲಿ ಹೇಳಿ ರಾಯರು ಅದನ್ನೇ ಕೊಂಡರು. ಬೂಸ್ಟಿನ ಭಯಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಚಕ್ಕುಲಿ ಡಬ್ಬದಲ್ಲಿಟ್ಟು ಬಿಗಿಯಾಗಿ ಮುಚ್ಚಿದರು. 'ರೀ, ಗೌರಿ ಹಬ್ಬದೊಳಗೆ ಚಿರತೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಡಬ್ಬ ನನ್ನದು' ಎಂದರು ಮನೆಯಾಕೆ.

ಇನ್ನು ಗುರಿಯ ಅಭ್ಯಾಸ. ಇದಕ್ಕೆ ರಾಯರು ಮಾನಸಗುರುವಾಗಿ ಆರಿಸಿಕೊಂಡದ್ದು ಸುಮಾ ಶಿರೂರು ಅವರನ್ನು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಪನ್ವೇಲಿನಲ್ಲಿ 'ಲಕ್ಷ್ಯ' ಶೂಟಿಂಗ್ ಕ್ಲಬ್ ಕಟ್ಟಿದವರು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ 400ಕ್ಕೆ 400 ಹೊಡೆದರು. ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರಿನದ್ದು, ಸಾಸಿವೆ ಕಾಳಿಗಿಂತ ಸಣ್ಣದು. ಅದಕ್ಕೆ ನಲವತ್ತಕ್ಕೆ ನಲವತ್ತು ಈಡು! ಅದೂ ದುರ್ಬೀನಿನ ಹಂಗಿಲ್ಲದೆ. ಆ ಸ್ಪರ್ಧೆಯಲ್ಲಿ ದೂರದರ್ಶಕ ನಿಷಿದ್ಧ, ಸಣ್ಣ ತೂತಿನೊಳಗಿಂದ ನೋಡಬೇಕು. ಅರ್ಧ ಉಸಿರು ಬಿಟ್ಟು, ಕೆಲವೇ ಕ್ಷಣ ತಡೆದು, ಕುದುರೆಯನ್ನು ಮೆಲ್ಲಗೆ ಒತ್ತಬೇಕು. ರಾಯರು 'ಕೆಲವೇ' ಎನ್ನುವುದನ್ನು ಮರೆತು ಪೂರ್ತಿ ತಡೆದರು. ಮೂರನೆಯ ದಿನ ಕಣ್ಣು ಕತ್ತಲಿಟ್ಟು ತುಳಸಿ ಕುಂಡಕ್ಕೆ ಒರಗಿದರು.

ಆದರೂ ಪಾಠ ಸಾಗಿತು. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡರೆ ನಡುಕ ತಗ್ಗುತ್ತದೆ. ಕೊಡೆಯ ಮೇಲೆ ಆನಿಸಿದರೆ ಇನ್ನೂ ಮೇಲು. ಹಕ್ಕಿ ಕಂಡಾಗ ದುರ್ಬೀನಿನ ಕಡೆ ನೋಡಲೇಬಾರದು, ದಿಟ್ಟಿಯನ್ನು ಹಕ್ಕಿಯ ಮೇಲೆಯೇ ನೆಟ್ಟು ಗಾಜನ್ನು ಕಣ್ಣಿಗೆ ತರಬೇಕು. ಮೊಬೈಲ್ ಟವರಿನ ಹದ್ದಿನ ಮೇಲೆ ಸಾಧಿಸಿದ ಈ ವಿದ್ಯೆಯನ್ನು ರಾಯರು ಎದುರು ಕಟ್ಟಡದಲ್ಲಿ ಕೂತ ಗಿಳಿಯ ಮೇಲೆ ಪ್ರಯೋಗಿಸಿದರು. ಗಿಳಿ ಹಾರಿತು. ಹಾರಿದ ಜಾಗದಲ್ಲಿ ಅಡಿಗೆಮನೆಯ ಕಿಟಕಿ, ಕಿಟಕಿಯಲ್ಲಿ ಸೊಸೈಟಿಯ ಸೆಕ್ರೆಟರಿ.

ಸಂಜೆ ಮನೆಗೇ ಬಂದ ಸೆಕ್ರೆಟರಿಗೆ ರಾಯರು ಇತಿಹಾಸವನ್ನೇ ಒಪ್ಪಿಸಿದರು. 1883ರಲ್ಲಿ ಈ ಮುಂಬಯಿಯಲ್ಲೇ ಎಂಟು ಜನ ಸೇರಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ್ದು. ಹುಡುಗ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳು ಹಳದಿಯಾಗಿತ್ತೆಂದು ಅದೇ ಸೊಸೈಟಿಗೆ ಒಯ್ದು ತೋರಿಸಿದ್ದು. ಅಲ್ಲಿದ್ದ ಮಿಲ್ಲಾರ್ಡ್ ಸಾಹೇಬರು ಬೀರುಗಳನ್ನು ತೆರೆದು ಹಕ್ಕಿಗಳನ್ನು ತೋರಿಸಿ ಹುಡುಗನ ಬಾಳಿನ ದಾರಿಯನ್ನೇ ತಿರುಗಿಸಿದ್ದು. ಸೆಕ್ರೆಟರಿ ಚಹಾ ಕುಡಿದು ಎಲ್ಲ ಕೇಳಿಸಿಕೊಂಡು, 'ಅದು ಆ ಸೊಸೈಟಿ. ಇದು ನಮ್ಮ ಸೊಸೈಟಿ' ಎಂದರು.

ಹೀಗಾಗಿ ಬಾಲ್ಕನಿ ಬಿಟ್ಟು ಕಾಡಿಗೇ ಹೋಗಬೇಕಾಯಿತು. ಮಳೆ ಹಿಂತೆಗೆದ ಒಂದು ಬೆಳಿಗ್ಗೆ, ಅನುಮತಿ ಪಡೆದು, ಉದ್ಯಾನದೊಳಗಿನ ಶಿಲೊಂಡಾ ಹಾದಿ. ದಾರಿ ತೋರಿಸುವವನು ಅಲ್ಲಿಯ ವಾರ್ಲಿ ಹುಡುಗ. ಅವನ ಜನಕ್ಕೆ ಹುಲಿ-ಚಿರತೆಯ ರೂಪದ ವಾಘೋಬಾ ದೇವರು. ಚಿರತೆಯ ಸುದ್ದಿಯನ್ನು ಅವನು ಮನೆಯ ಹಿರಿಯರ ಸುದ್ದಿಯಂತೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ರಾಯರಿಗೆ ತುಳುನಾಡಿನ ಹುಲಿದೈವ ಪಿಲಿಚಾಮುಂಡಿ ನೆನಪಾಗಿ, ಅವರೂ ದನಿ ತಗ್ಗಿಸಿದರು. ತೊರೆಯ ಪಕ್ಕದ ಬಂಡೆಯ ಮೇಲೆ ಕೊಡೆ ಊರಿ, ಮೊಣಕೈ ಒತ್ತಿ, ಅರ್ಧ ಉಸಿರು ಬಿಟ್ಟು ಒಂದು ಗಂಟೆ ಎದುರಿನ ಪೊದೆಗೆ ಗುರಿಯಿಟ್ಟರು. ಪೊದೆಯ ಒಂದೊಂದು ಎಲೆಯ ಪರಿಚಯವಾಯಿತು. ಎರಡು ಚಿಟ್ಟೆ ಬಂದವು, ಒಂದು ಕೋತಿ ಆಕಳಿಸಿತು.

ಹಿಂದಿರುಗುವಾಗ ಹುಡುಗ ಕೆಸರಿನ ಹತ್ತಿರ ಗಕ್ಕನೆ ನಿಂತು, 'ಕಾಕಾ, ಬಿಬಟ್ಯಾ' ಎಂದ. ಚಿರತೆಯ ಹೆಜ್ಜೆ ಗುರುತು ಎಂದು ಅವನ ಮಾತು. ನಾಯಿಯದ್ದಿರಬಹುದು ಎಂದು ರಾಯರಿಗೆ ಅನುಮಾನ. ನಾಯಿಯದ್ದಾದರೆ ಬೆರಳ ತುದಿಯಲ್ಲಿ ಉಗುರಿನ ಗೀರು ಇರುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಕನ್ನಡಕ ಮನೆಯಲ್ಲಿತ್ತು, ದುರ್ಬೀನಿಗೆ ನೆಲ ತೀರ ಹತ್ತಿರ. ಆಗ ಅವರಿಗೊಂದು ಉಪಾಯ ಹೊಳೆಯಿತು. ದುರ್ಬೀನನ್ನು ಹಿಂದುಮುಂದಾಗಿ ಹಿಡಿದು, ಕಣ್ಣಿಡುವ ಗಾಜನ್ನು ನೆಲಕ್ಕೆ ಒಂದಿಂಚಿನಷ್ಟು ಹತ್ತಿರ ತಂದರೆ ಅದೇ ಒಂದು ಭೂತಗನ್ನಡಿ. ಮಂಡಿಯೂರಿ, ಮೂಗು ಕೆಸರಿಗೆ ತಾಗುವಷ್ಟು ಬಗ್ಗಿ ನೋಡಿದರು. ನಾಲ್ಕು ಬೆರಳು, ಹಿಂದೆ ಅಗಲವಾದ ಅಂಗಾಲು. ಉಗುರಿಲ್ಲ. ಅಂಚು ಇನ್ನೂ ಕುಸಿದಿರಲಿಲ್ಲ, ನೀರು ಇನ್ನೂ ಜಿನುಗುತ್ತಿತ್ತು.

ಅಂಗಾಲಿನ ಗುರುತಿನ ಕೆಳಗೆ ಮಾತ್ರ ಅಡ್ಡಡ್ಡ ಗೆರೆಗಳಿದ್ದವು. ರಾಯರು ದುರ್ಬೀನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಗೆರೆ ಮುಂದುವರಿಯಿತು, ಹಿಮ್ಮಡಿಯಾಯಿತು. ಒಂದು ಗಂಟೆಯ ಹಿಂದೆ ಬಂಡೆಯತ್ತ ನಡೆದುಹೋದಾಗ ಬಿದ್ದ ಅವರದೇ ಬೂಟಿನ ಅಚ್ಚು ಅದು. ಅದರ ಮೇಲೆ, ಅದೇ ದಿಕ್ಕಿಗೆ ಮುಖಮಾಡಿ, ಆ ಹೆಜ್ಜೆ.

'ಕಾಕಾ, ಉಸಿರು ಬಿಡಿ' ಎಂದ ಹುಡುಗ.