ಮುದ್ದೆಯಿಂದ ಮೂಟೆಗೆ: ಶಕ್ತಿಸಂಕ್ರಮಣದ ಒಂದು ಮೀಮಾಂಸೆ

ಭುಕ್ತಾಹಾರಾಂತರ್ಗತ ರಾಸಾಯನಿಕ ಶಕ್ತಿಯ ಕ್ರಿಯಾತ್ಮಕ ರೂಪಾಂತರಣದ ಬಹುಸ್ತರೀಯ ಆಯಾಮಗಳನ್ನು ಶೋಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಉಂಡದ್ದು ಏನಾಗುತ್ತದೆ ಎಂದು ಕೇಳಿದರೂ ಸಾಕಿತ್ತು. ಹಾಗೆ ಕೇಳಿದವರಿಗೆ ಪ್ರಯಾಣಭತ್ಯೆ ಸಿಗುವುದಿಲ್ಲ. ಇದೇ ವಿಷಯದ ವಿಚಾರಸಂಕಿರಣವೊಂದರಲ್ಲಿ ಬೆಳಿಗ್ಗೆ ಹತ್ತರಿಂದ ಎರಡೂವರೆಯವರೆಗೆ ಹಸಿದು ಕೂತದ್ದೇ ನನ್ನ ಕ್ಷೇತ್ರಕಾರ್ಯ.

ಶಕ್ತಿವ್ಯಯದ ದೃಷ್ಟಿಯಿಂದ ಮಾನವದೇಹಗಳು ಐದು ವಿಧ. ಪ್ರಥಮತಃ ಅಧ್ಯಕ್ಷದೇಹ. ಸುಮ್ಮನೆ ಕೂತ ದೇಹ 80ರಿಂದ 100 ವ್ಯಾಟ್ ಶಾಖ ಸೂಸುತ್ತದೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಬೆಳಕನ್ನು ಮಾತ್ರ ನಿರೀಕ್ಷಿಸಬಾರದು. ದ್ವಿತೀಯತಃ ಶ್ರೋತೃದೇಹ. ಮೈತೂಕದ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ನುಂಗುತ್ತದೆ. ಉಪನ್ಯಾಸವನ್ನು ಕೇಳಿದರೂ ಕೇಳದಿದ್ದರೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಮುದ್ದೆಯ ಪಿಷ್ಟ ಗ್ಲೂಕೋಸಾಗಿ, ಆ ಗ್ಲೂಕೋಸಿನ ಒಂದೊಂದು ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತವೆ. ನಾವು ಓದುವಾಗ 38 ಎಂದು ಬರೆದರೆ ಪೂರ್ತಿ ಅಂಕ. ನಡುವಿನ ಎಂಟನ್ನು ಯಾರು ಹೊಡೆದರೋ! ಎಟಿಪಿಯನ್ನು ‘ಶಕ್ತಿಯ ನಾಣ್ಯ’ ಎಂದು ಆ ದಿನ ಏಳು ಜನ ಕರೆದರು, ಏಳು ಜನವೂ ತಾವೇ ಟಂಕಿಸಿದಂತೆ. ಗ್ಲೂಕೋಸಿನಿಂದ ಎಟಿಪಿಗೆ ಹೋಗುವ ಈ ಹಾದಿಯಲ್ಲೇ ಸಿಗುವ ಸಿಟ್ರಿಕ್ ಆಮ್ಲದ ಚಕ್ರದ ಬಗ್ಗೆ ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಬರೆದ ಪುಟ್ಟ ಪತ್ರವನ್ನು ‘ನೇಚರ್’ ಪತ್ರಿಕೆ ಅಚ್ಚುಹಾಕದೆ ವಾಪಸು ಕಳಿಸಿತು. ಅದಕ್ಕೇ 1953ರಲ್ಲಿ ನೊಬೆಲ್ ಬಂತು. ಪುಟ್ಟದಾಗಿ ಬರೆದದ್ದೇ ತಪ್ಪಾಗಿರಬೇಕು.

ಸ್ನಾಯುವಿನಲ್ಲಿ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಳೆಯನ್ನು ಹಿಡಿದು ಜಗ್ಗುತ್ತದೆ. ಹಿಡಿದದ್ದನ್ನು ಬಿಡಬೇಕಾದರೆ ಹೊಸದೊಂದು ಎಟಿಪಿ ಬಂದು ಅಂಟಬೇಕು. ಎಟಿಪಿ ತೀರಿದ ಹೆಣ ಸೆಟೆದುಕೊಳ್ಳುವುದು ಹೀಗೆ. ಮೈಕು ಬಿಡದ ಅಧ್ಯಕ್ಷರನ್ನು ಕಂಡು, ಪಾಪ, ಇವರೂ ಹಸಿದಿದ್ದಾರೆ ಎಂದು ಮರುಗಿದೆ. ಆಮೇಲೆ ತಿಳಿಯಿತು, ಅವರ ತಿಂಡಿ ವೇದಿಕೆಯ ಹಿಂದೆಯೇ ಆಗಿತ್ತು.

ತೃತೀಯತಃ ಹಮಾಲಿದೇಹ. (ನಾಲ್ಕು, ಐದೂ ಇವೆ. ಇರಲಿ ಬಿಡಿ.) 50 ಕೆ.ಜಿ. ಮೂಟೆಯನ್ನು ಒಂದೂವರೆ ಮೀಟರ್ ಎತ್ತುವ ಕೆಲಸ ಸುಮಾರು 735 ಜೂಲ್, ಅಂದರೆ 0.18 ಕಿಲೊಕ್ಯಾಲರಿ. ಸ್ನಾಯುವಿನ ದಕ್ಷತೆ ಶೇ. 25 ಎಂದಿಟ್ಟುಕೊಂಡರೂ ನೂರು ಮೂಟೆಗೆ 70 ಕಿಲೊಕ್ಯಾಲರಿ. ಒಂದು ಬಾಳೆಹಣ್ಣು ಸಾಕು, ಸಿಪ್ಪೆ ಉಳಿತಾಯ. ಇನ್ನು ಅದೇ ಮೂಟೆಯನ್ನು ಹೊತ್ತು ಸಮನೆಲದ ಮೇಲೆ ಲಾರಿಯಿಂದ ಗೋದಾಮಿಗೆ ನಡೆದರೆ, ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ. ಉಪನ್ಯಾಸಕರು ಇದನ್ನು ನಗುತ್ತಾ ಹೇಳಿದರು. ಸಭೆಯೂ ನಕ್ಕಿತು.

ನಕ್ಕವರು ಒಂದು ಸಲ ಹೊತ್ತು ನೋಡಲಿ. ಮೂಟೆ ಒಂದಿಂಚು ಮೇಲೇರದಿದ್ದರೂ ಬೆನ್ನಿನೊಳಗೆ ಮಯೋಸಿನ್ ಹಿಡಿಯುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ, ಸಲಕ್ಕೊಂದು ಎಟಿಪಿ ಸುಡುತ್ತಲೇ ಇರುತ್ತದೆ. ಸೊನ್ನೆ ಕೆಲಸಕ್ಕೆ ಬೆವರು ಸುರಿಯುವುದು ಹೀಗೆ. ಇದು ಪಂಡಿತರಿಗೆ ಗೊತ್ತಿಲ್ಲದ್ದಲ್ಲ, ಹಿಂದಿನ ಸ್ಲೈಡಿನಲ್ಲೇ ಇತ್ತು! ಸರ್ಕಾರದ ಲೆಕ್ಕವೂ ಇಂಥದ್ದೇ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯೊಂದು ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕಿಲೊಕ್ಯಾಲರಿ ಎಂದು ಸರಾಸರಿ ಕಟ್ಟಿ, ಅದರ ಮೇಲೆ ಬಡತನದ ಗೆರೆ ಎಳೆಯಿತು. ಕೂತು ಗೆರೆ ಎಳೆದವರೂ ಮೂಟೆ ಹೊರುವವರೂ ಒಂದೇ ಸರಾಸರಿಯೊಳಗೆ. ಯಾರ ಬೆನ್ನು ಮುಟ್ಟಿ ನೋಡಿ ಬರೆದರು ಸ್ವಾಮಿ?

ಎರಡೂಮುಕ್ಕಾಲಿಗೆ ಅನ್ನದ ಹಂಡೆ ಬಂತು. ಇಬ್ಬರು ಅದನ್ನು ಟೆಂಪೊದಿಂದ ಇಳಿಸಿ ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಹೊತ್ತು ತಂದರು. ಲಿಫ್ಟು ಅತಿಥಿಗಳಿಗೆ ಮಾತ್ರ ಎಂದು ಚೀಟಿ ಅಂಟಿಸಿದ್ದರು. ಹಿರಿಯವನನ್ನು, “ಊಟ ಆಯ್ತೇನಣ್ಣ?” ಅಂದೆ.

“ನಿಮ್ದೆಲ್ಲಾ ಆಗ್ಲಿ ಸಾರ್” ಅಂದ.

ನಾನು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಅವರಿಬ್ಬರೂ ಸಭಾಂಗಣದ ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಒಟ್ಟುತ್ತಿದ್ದರು.