ಮಂಜಿನ ಮೇಲೆ ಶಾನುಭೋಗರ ಲೆಕ್ಕ

2007ರ ಮಾರ್ಚ್ 10ರಂದು ಅಮೆರಿಕದ ಮ್ಯಾಡಿಸನ್ ನಗರದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹುಡುಗಿಯರಿಗೂ ಹಾರ್ವರ್ಡಿನ ಹುಡುಗಿಯರಿಗೂ ಐಸ್ ಹಾಕಿ ಪಂದ್ಯ. ಅರವತ್ತು ನಿಮಿಷದ ಆಟ. ಅರವತ್ತೂ ಮುಗಿಯಿತು, ಎರಡೂ ಕಡೆ ಸೊನ್ನೆ. ಹೆಚ್ಚುವರಿ ಇಪ್ಪತ್ತು ನಿಮಿಷ ಕೊಟ್ಟರು, ಸೊನ್ನೆ. ಇನ್ನೊಂದು ಇಪ್ಪತ್ತು, ಮತ್ತೂ ಒಂದು ಇಪ್ಪತ್ತು. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ ಏಳು ನಿಮಿಷ ಕಳೆದ ಮೇಲೆ ವಿಸ್ಕಾನ್ಸಿನ್ನಿನವರು ಹೊಡೆದ ಪಕ್ ಎಂಬ ರಬ್ಬರ್ ಬಿಲ್ಲೆ ಬಲೆ ಸೇರಿತು. ಒಟ್ಟು 127 ನಿಮಿಷದ ಆಟ. ನಡುವಿನ ವಿರಾಮಗಳು, ಸೀಟಿ ಊದಿ ಗಡಿಯಾರ ನಿಲ್ಲಿಸಿದ ಹೊತ್ತು ಇದರಲ್ಲಿ ಸೇರಿಲ್ಲ. ಅಂದು ಆ ಹುಡುಗಿಯರು ಎಷ್ಟು ಗಂಟೆ ಆಟದಲ್ಲಿ ಕಳೆದರು ಎಂದು ಕಾಲೇಜು ಕ್ರೀಡೆಯ ನಿಯಮದ ಪುಸ್ತಕವನ್ನು ಕೇಳಿದರೆ ಅದು ಹೇಳುವ ಉತ್ತರ: ಮೂರು.

ಪಂದ್ಯ ಬೇಗ ಮುಗಿದರೂ ಮೂರು, ನಡುರಾತ್ರಿಗೆ ಮುಗಿದರೂ ಮೂರು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆಗೆ ಮಕ್ಕಳ ಓದಿನ ಬಗ್ಗೆ ಬಹಳ ಕಾಳಜಿ. ಹಾಗಾಗಿ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಟ ಕೂಡದು. ಪಂದ್ಯದ ದಿನವನ್ನು ಮೂರು ಗಂಟೆ ಅಂತ ಬರೆದುಕೊಳ್ಳಬೇಕು. ಊರಿಂದೂರಿಗೆ ಬಸ್ಸಿನಲ್ಲಿ ಹೋಗಿಬರುವ ಹೊತ್ತು ಲೆಕ್ಕಕ್ಕಿಲ್ಲ. ಬಸ್ಸಿನಲ್ಲಿ ಕೂತ ಹುಡುಗಿ ಬಹುಶಃ ಗ್ರಂಥಾಲಯದಲ್ಲೇ ಇರುತ್ತಾಳೆ.

ಹಿಂದೆ ಊರಲ್ಲಿ ಮಳೆ ಹೋಯಿತೋ ಬಂತೋ ಶಾನುಭೋಗರಿಗೆ ಬೇಕಿರಲಿಲ್ಲ. ಖಾತೆಯಲ್ಲಿ ಭತ್ತ ಅಂತ ಬರೆದಿದ್ದರೆ ಗದ್ದೆಯಲ್ಲಿ ಭತ್ತವೇ ಇರಬೇಕು. ಅಮೆರಿಕದ ಕಾಲೇಜು ಕ್ರೀಡೆಯಲ್ಲೂ ಇಂಥ ಶಾನುಭೋಗರಿದ್ದಾರೆ. ಅಲ್ಲಿ ಅವರನ್ನು ಕಂಪ್ಲಯನ್ಸ್ ಆಫೀಸರ್ ಅನ್ನುತ್ತಾರೆ. ಯಾವ ಹುಡುಗಿ ಆಡಬಹುದು, ಯಾವಳು ಆಡಬಾರದು, ಯಾವಳು ಆಡಿದ್ದರೂ ಆಡಿಲ್ಲ, ಯಾವಳು ಆಡದಿದ್ದರೂ ಅವಳ ವರ್ಷ ಖರ್ಚಾಗಿದೆ ಅನ್ನುವುದನ್ನು ಹೇಳುವವರು ಅವರೇ. ಕೋಚ್ ಅನ್ನಿಸಿಕೊಂಡವಳು ಪಕ್ಕದಲ್ಲಿ ನಿಂತು ತಲೆ ಆಡಿಸಬೇಕು.

ಕೋಚ್ ಪಾಡು ನೋಡಿ. ಮಂಜಿನ ಮೇಲೆ ಒಮ್ಮೆಗೆ ಇಳಿಯುವುದು ಆರು ಜನ: ಮೂವರು ಮುಂದೆ, ಇಬ್ಬರು ಹಿಂದೆ, ಒಬ್ಬಳು ಗೋಲಿನಲ್ಲಿ. ಒಂದು ನಿಮಿಷಕ್ಕೇ ಉಸಿರು ಕಟ್ಟುವ ಆಟವಾದ್ದರಿಂದ ಸರದಿ ಬದಲಾಗುತ್ತಲೇ ಇರಬೇಕು. ಮುಂದಿನವರ ನಾಲ್ಕು ಸಾಲು, ಹಿಂದಿನವರ ಮೂರು ಜೋಡಿ, ಗೋಲು ಕಾಯುವ ಮೂವರು ಗೋಲಿಗಳು ಸೇರಿದರೆ ಇಪ್ಪತ್ತೊಂದಾಯಿತು. ಮೊಣಕಾಲು ತಿರುಚಿಕೊಂಡವಳು, ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿದವಳು, ಪರೀಕ್ಷೆಯಲ್ಲಿ ಮುಗ್ಗರಿಸಿದವಳು, ದೇಶದ ತಂಡ ಕರೆಯಿತು ಅಂತ ಒಲಿಂಪಿಕ್ಸಿಗೆ ಹೊರಟವಳು, ಇವರೆಲ್ಲರ ಜಾಗ ತುಂಬಲು ಇನ್ನಷ್ಟು ಜನ ಬೇಕು. ಜೊತೆಗೆ ಎರಡು ಮೂರು ವರ್ಷ ಮುಂದಿನ ಗೋಲಿಯನ್ನು ಇವತ್ತೇ ಹುಡುಕಬೇಕು. ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಜೂನ್ 15ರ ತನಕ ಫೋನ್ ಮಾಡುವ ಹಾಗಿಲ್ಲ. ಜೂನ್ 15 ಬಂತೆಂದರೆ ಹೆಣ್ಣು ನೋಡಲು ಸಾಲುಗಟ್ಟಿ ನಿಂತವರ ಹಾಗೆ ಎಲ್ಲ ಕೋಚ್‌ಗಳ ಫೋನೂ ಒಟ್ಟಿಗೇ ಗುಣುಗುಟ್ಟುತ್ತವೆ.

ಆ ಹುಡುಗಿ ಬರುತ್ತೇನೆ ಅಂದಳೆನ್ನಿ. ಅವಳು ಪಕ್ ಹೊಡೆಯಬಲ್ಲಳೇ ಅನ್ನುವುದು ಶಾನುಭೋಗರಿಗೆ ಸಣ್ಣ ಮಾತು. ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳನ್ನು ಓದಿರಬೇಕು, ಅವುಗಳಲ್ಲಿ ಹತ್ತು ಕೊನೆಯ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು, ನಾಲ್ಕಕ್ಕೆ 2.3 ಸರಾಸರಿ ಬಂದಿರಬೇಕು. ಕಾಲೇಜಿಗೆ ಬಂದ ಮೇಲೆ ಎರಡನೇ ವರ್ಷದ ಕೊನೆಗೆ ಪದವಿಯ ಶೇ. 40, ಮೂರನೇ ವರ್ಷಕ್ಕೆ 60, ನಾಲ್ಕನೇ ವರ್ಷಕ್ಕೆ 80 ಮುಗಿಸಿರಬೇಕು. ನಡುವೆ ಮನಸ್ಸು ಬದಲಾಗಿ ಎಂಜಿನಿಯರಿಂಗ್ ಬಿಟ್ಟು ಸಂಗೀತ ಓದುತ್ತೇನೆ ಅಂದಳೋ, ಹಳೆಯ ವಿಷಯಗಳೆಷ್ಟೋ ಹೊಸ ಪದವಿಯ ಲೆಕ್ಕಕ್ಕೆ ಬಾರದೆ ಶೇಕಡಾವಾರು ಕುಸಿಯುತ್ತದೆ, ಅವಳು ಬೆಂಚಿಗೆ ಹೋಗುತ್ತಾಳೆ. ಹುಡುಗಿಯರು ಓದಲಿ ಅಂತ ಮಾಡಿದ ನಿಯಮ. ಏನನ್ನು ಓದಲಿ ಅಂತ ಅದೇ ನಿಯಮ ತೀರ್ಮಾನಿಸಿ ಅವಳ ತಲೆನೋವು ಕಡಿಮೆ ಮಾಡುತ್ತದೆ.

ಇದರ ಮೇಲೆ ಐದು ವರ್ಷದ ಗಡಿಯಾರ. ಐದು ವರ್ಷದೊಳಗೆ ನಾಲ್ಕು ಋತು ಆಡಿ ಮುಗಿಸಬೇಕು. ಕಾಲಿಗೆ ಶಸ್ತ್ರಚಿಕಿತ್ಸೆ ಆದರೂ ಗಡಿಯಾರ ನಡೆಯುತ್ತದೆ, ಕೋಚ್ ಬೆಂಚಿನ ಮೇಲೇ ಕೂರಿಸಿದರೂ ನಡೆಯುತ್ತದೆ. ಅದು ಎಲ್ಲರಿಗೂ ಒಟ್ಟಿಗೇ ನಿಂತದ್ದು ಮಹಾಮಾರಿಯ ಮುಂದೆ ಮಾತ್ರ. 2020–21ರ ಋತು ಯಾರ ಲೆಕ್ಕಕ್ಕೂ ಇಲ್ಲ ಅಂದರು. ಆ ವರ್ಷ ಹಾರ್ವರ್ಡಿನಂಥ ಐವಿ ಲೀಗಿನ ಕಾಲೇಜುಗಳು ಆಟವನ್ನೇ ಆಡಲಿಲ್ಲ, ಉಳಿದವರು ಆಡಿದರು, ಎರಡೂ ಒಂದೇ. ಇದರಿಂದ ಇಪ್ಪತ್ತನಾಲ್ಕು ವರ್ಷದ ಅಕ್ಕಂದಿರು ಕೋಣೆ ಖಾಲಿ ಮಾಡದೆ ಉಳಿದರು; ಹದಿನೆಂಟರ ತಂಗಿಯರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರು. ಅಕ್ಕಂದಿರನ್ನು ಬೈಯುವಂತಿಲ್ಲ. ಹೊರಗೆ ಹೋಗಿ ಆಡಲು ಭದ್ರವಾದ ಜಾಗವೆಲ್ಲಿತ್ತು? ಹೆಂಗಸರ ವೃತ್ತಿಪರ ಲೀಗ್ ಪಿಡಬ್ಲ್ಯೂಎಚ್‌ಎಲ್‌ನ ಮೊದಲ ಪಂದ್ಯ ನಡೆದದ್ದೇ 2024ರ ಜನವರಿ 1ರಂದು. ಮೊದಲ ಋತುವಿನ ಕನಿಷ್ಠ ಸಂಬಳ 35,000 ಡಾಲರ್. ಗಂಡಸರ ಲೀಗಿನಲ್ಲಿ ಅದನ್ನು ಚಿಲ್ಲರೆ ಅನ್ನುತ್ತಾರೆ.

ಅರ್ಹತೆ ಕಳೆದುಕೊಳ್ಳಲು ದಾರಿಗಳೇನು ಒಂದೇ ಎರಡೇ! ಕಾಲೇಜಿನವರು ಹಣ್ಣು, ಕಡಲೆಬೀಜದಂಥವು ಮತ್ತು ಬೇಗಲ್ ಎಂಬ ಉಂಗುರದಾಕಾರದ ಬ್ರೆಡ್ಡನ್ನು ಆಟಗಾರರಿಗೆ ಕೊಡಬಹುದು ಎಂಬ ನಿಯಮವೊಂದು ಹಿಂದೆ ಇತ್ತು. ಬೇಗಲ್ ಮೇಲೆ ಕ್ರೀಮ್ ಚೀಸ್ ಸವರಿದರೆ ಅದು ತಿಂಡಿಯಿಂದ ಊಟಕ್ಕೆ ಬಡ್ತಿ ಪಡೆದು ನಿಯಮಭಂಗವಾಗುತ್ತಿತ್ತು. ವಯಸ್ಸಾದ ವಕೀಲರು ಕೂತು ಬೆಣ್ಣೆಚಾಕುವಿನ ನ್ಯಾಯಶಾಸ್ತ್ರ ಬರೆದದ್ದು ಜಗತ್ತಿನಲ್ಲಿ ಇಲ್ಲೊಂದು ಕಡೆಯೇ ಇರಬೇಕು. 2014ರಲ್ಲಿ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದು ಮಲಗಿದ್ದೇನೆ ಅಂತ ಪತ್ರಕರ್ತರ ಮುಂದೆ ಹೇಳಿದ. ಅದೇ ತಿಂಗಳು ಹೊಟ್ಟೆತುಂಬ ಊಟ ಕಾನೂನುಬದ್ಧವಾಯಿತು.

ಇನ್ನು ಕೆನಡಾದ ಹುಡುಗಿಯರು. ಅಮೆರಿಕದ ಕಾಲೇಜು ತಂಡಗಳಲ್ಲಿ ಅವರ ಸಂಖ್ಯೆ ದೊಡ್ಡದು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಎಂದಾಯಿತು. ಅಮೆರಿಕದವಳು ಬೂಟಿನ ಜಾಹೀರಾತಿಗೆ ನಕ್ಕು ಚೆಕ್ಕು ತೆಗೆದುಕೊಂಡಳು. ಅದೇ ಸಾಲಿನಲ್ಲಿ ಆಡುವ ಕೆನಡಾದವಳು ನಗುವ ಮೊದಲು ವಕೀಲರನ್ನು ಕೇಳಬೇಕು. ಅವಳದು ಎಫ್-1 ವಿದ್ಯಾರ್ಥಿ ದರ್ಜೆ, ನಕ್ಕದ್ದು ದುಡಿಮೆಯಾದರೆ ಗಡೀಪಾರು. ಎಫ್-1 ಅಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಜಯನಗರದಿಂದ ಎಂ.ಎಸ್. ಓದಲು ಹೋದ ಮಗ ಕಾಲೇಜಿನ ಕ್ಯಾಂಟೀನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ತಟ್ಟೆ ತೊಳೆಯುವಂತಿಲ್ಲ ಅಂತ ಎಷ್ಟು ಅಮ್ಮಂದಿರಿಗೆ ಬಾಯಿಪಾಠವಾಗಿಲ್ಲ? ಅಲ್ಲೂ ಇಪ್ಪತ್ತು, ಇಲ್ಲೂ ಇಪ್ಪತ್ತು. ನಮ್ಮ ಹುಡುಗನಿಗೆ ಒಂದು ಅನುಕೂಲವುಂಟು, ಅವನ ಗಂಟೆಯಲ್ಲಿ ಅರವತ್ತೇ ನಿಮಿಷ.

ಇಷ್ಟೆಲ್ಲ ಹಳೆಯ ಖಾತೆ. ಹೊಸ ಖಾತೆ ತೆರೆದದ್ದು 2025ರ ಜೂನ್ 6ರಂದು. ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನಲ್ಲಿ ನಡೆದ ದಾವೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ರಾಜಿ ಒಪ್ಪಂದಕ್ಕೆ ಮುದ್ರೆ ಒತ್ತಿದರು. ಕಾಲೇಜುಗಳು ಇನ್ನು ಮುಂದೆ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ 2 ಕೋಟಿ 5 ಲಕ್ಷ ಡಾಲರ್ ತನಕ. ಚಪ್ಪಾಳೆ. ಹಣ ಹೇಗೆ ಹಂಚುತ್ತಾರೆ? ಹಲವು ದೊಡ್ಡ ವಿಶ್ವವಿದ್ಯಾಲಯಗಳು ಹಿಡಿದ ಮೇಲ್ಪಂಕ್ತಿ ಹೀಗೆ: ನೂರರಲ್ಲಿ ಸುಮಾರು 75 ಅಮೆರಿಕನ್ ಫುಟ್‌ಬಾಲಿಗೆ, 15 ಗಂಡಸರ ಬಾಸ್ಕೆಟ್‌ಬಾಲಿಗೆ, 5 ಹೆಂಗಸರ ಬಾಸ್ಕೆಟ್‌ಬಾಲಿಗೆ, ಮಿಕ್ಕ 5 ಉಳಿದ ಎಲ್ಲ ಆಟಗಳಿಗೂ. ಹೆಣ್ಣುಮಕ್ಕಳ ಐಸ್ ಹಾಕಿ ಎಲ್ಲಿದೆ ಅಂದಿರಾ? ಆ ‘ಎಲ್ಲ’ದಲ್ಲಿದೆ. ದಾವೆಗೆ ಹೆಸರು ಕೊಟ್ಟ ಈಜು ಸಹ ಅಲ್ಲೇ ಇದೆ.

ಇಂಥ ಹಂಚಿಕೆ ಲಿಂಗ ಸಮಾನತೆಯ ಕಾನೂನಿಗೆ, ಅಂದರೆ 1972ರ ಟೈಟಲ್ ನೈನ್‌ಗೆ ಒಳಪಡುತ್ತದೆ ಅಂತ ಅಮೆರಿಕ ಸರ್ಕಾರದ ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಫೆಬ್ರವರಿಯಲ್ಲಿ ಹೊಸ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ತಿಂಗಳು ತುಂಬುವ ಮೊದಲೇ ತೀರಿಕೊಂಡ ಸಮಾನತೆ.

ಹುಡುಗಿಯರಿಗೆ ಒಪ್ಪಂದದಿಂದ ಸಿಕ್ಕದ್ದು ಇಲ್ಲವೇ ಇಲ್ಲ ಅನ್ನಬಾರದು. ಮೊದಲು ಹೆಣ್ಣುಮಕ್ಕಳ ಒಂದು ಹಾಕಿ ತಂಡಕ್ಕೆ 18 ಸ್ಕಾಲರ್‌ಷಿಪ್ ಮಾತ್ರ. ಅದನ್ನೇ ಕತ್ತರಿಸಿ ಹೆಚ್ಚು ಜನಕ್ಕೆ ಹಂಚುತ್ತಿದ್ದರು. ಆ ಮಿತಿ ಹೋಯಿತು, ಬದಲಿಗೆ ತಲೆಗಳಿಗೆ ಮಿತಿ ಬಂತು: ಒಪ್ಪಂದಕ್ಕೆ ಸೇರಿದ ಕಾಲೇಜಿನ ತಂಡದಲ್ಲಿ 26 ಜನ, ಅದಕ್ಕಿಂತ ಒಬ್ಬಳೂ ಹೆಚ್ಚಿಲ್ಲ. ಇಪ್ಪತ್ತಾರು ಜನಕ್ಕೂ ಪೂರ್ತಿ ಸ್ಕಾಲರ್‌ಷಿಪ್ ಕೊಡಬಹುದು. ಕೊಡಬಹುದು ಅಂತ ಬರೆದಿದೆ, ಕೊಡಬೇಕು ಅಂತಲ್ಲ. ಹೊಸದಾಗಿ ಕೊಟ್ಟ ಸ್ಕಾಲರ್‌ಷಿಪ್ಪಿನ ಒಂದು ಪಾಲನ್ನು ಮೇಲೆ ಹೇಳಿದ ಎರಡು ಕೋಟಿಯ ಗಡಿಗೆಯಿಂದಲೇ ಕಳೆಯಬೇಕು, ಆ ಗಡಿಗೆಗೆ ಕೈ ಹಾಕಿದರೆ ಫುಟ್‌ಬಾಲ್ ಕೋಚ್ ಎಲ್ಲಿದ್ದರೂ ಓಡಿ ಬರುತ್ತಾರೆ. ಅಂದಹಾಗೆ ಫುಟ್‌ಬಾಲಿನ ತಲೆಮಿತಿ 105. ಮೈದಾನದಲ್ಲಿ ಒಮ್ಮೆಗೆ ಇರುವವರು ಹನ್ನೊಂದು.

ಮೊದಲೆಲ್ಲ ಹಾಕಿ ತಂಡದ ಕೊನೆಯ ಸಾಲಿನಲ್ಲಿ ಸ್ಕಾಲರ್‌ಷಿಪ್ ಇಲ್ಲದೆ, ಸ್ವಂತ ಫೀಜು ಕಟ್ಟಿಕೊಂಡು, ಬೆಳಗ್ಗೆ ಆರಕ್ಕೆ ಅಭ್ಯಾಸಕ್ಕೆ ಬರುವ ಹುಡುಗಿಯರಿದ್ದರು. ಕಾಲೇಜಿಗೆ ಅವರಿಂದ ಖರ್ಚೆಂದರೆ ಒಂದು ಅಂಗಿ, ಒಂದಷ್ಟು ಕೋಲು. ಹೊಸ ಲೆಕ್ಕದಲ್ಲಿ ದುಬಾರಿಯಾದವರು ಅವರೇ. ಇಪ್ಪತ್ತೇಳನೆಯವಳ ವಿಷಯಕ್ಕೆ ಕೋಚಮ್ಮನಿಗೂ ಶಾನುಭೋಗರಿಗೂ ಹೀಗೆ ಮಾತಾಯಿತೆಂದುಕೊಳ್ಳಿ:

“ಸ್ವಾಮಿ, ಈ ಹುಡುಗಿ ಎರಡು ವರ್ಷದಿಂದ ನಮ್ಮಲ್ಲೇ ಇದ್ದಾಳೆ. ಒಂದು ದಿನ ಅಭ್ಯಾಸ ತಪ್ಪಿಸಿದವಳಲ್ಲ.”

“ಒಳ್ಳೇದಮ್ಮ. ತೆಗೀರಿ.”

“ಹಳಬರಿಗೆ ವಿನಾಯಿತಿ ಇದೆ ಅಂತ ಜಡ್ಜಮ್ಮ ಹೇಳಿಲ್ಲವೇ?”

“ಹೇಳಿದ್ದಾರೆ. ಪಟ್ಟಿಗೆ ಹಾಕಿದರೆ ಅವಳು ತಂಡದಲ್ಲಿ ಇರ್ತಾಳೆ, ಲೆಕ್ಕದಲ್ಲಿ ಇರಲ್ಲ.”

“ಹಾಗಾದರೆ ಹಾಕಿ.”

“ಹಾಕಲೇಬೇಕು ಅಂತ ಇಲ್ಲವಲ್ಲಮ್ಮ. ಪಟ್ಟಿಯಲ್ಲಿರೋರನ್ನೂ ಉಳಿಸಿಕೊಳ್ಳೋದು ಬಿಡೋದು ಕಾಲೇಜಿನ ಇಷ್ಟ.”

ಮಾತು ಕಲ್ಪನೆ, ನಿಯಮ ನಿಜ. ತಲೆಮಿತಿಯಿಂದ ಜಾಗ ಕಳೆದುಕೊಂಡವರಿಗೆ ಏನಾದರೂ ಮಾಡಿ ಅಂತ ವಿಲ್ಕೆನ್ ಅವರು ಏಪ್ರಿಲ್‌ನಲ್ಲಿ ಒಪ್ಪಂದವನ್ನೇ ತಡೆಹಿಡಿದಿದ್ದರು. ಅದರ ಫಲವೇ ಈ ಪಟ್ಟಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಾಗ ಸಿಗುವುದಿಲ್ಲ; ಜಾಗ ಕೊಡಲು ಯಾರಾದರೂ ಮನಸ್ಸು ಮಾಡಿದರೆ ಅಡ್ಡಿಯಿಲ್ಲ, ಅಷ್ಟೇ.

ಶಾನುಭೋಗರಿಗೆ ಹೆಚ್ಚು ಹೆಣ್ಣುಮಕ್ಕಳು ಯಾವಾಗಲೂ ಬೇಡ ಅಂತ ತಿಳಿಯಬೇಡಿ. ಟೈಟಲ್ ನೈನ್ ವರದಿಯ ಕಾಲ ಬಂದಾಗ ಬೇಕೇ ಬೇಕು. ಗಂಡುಮಕ್ಕಳ ಎದುರು ಹೆಣ್ಣುಮಕ್ಕಳ ಸಂಖ್ಯೆ ಸರಿದೂಗಬೇಕಲ್ಲ! ಹೆಂಗಸರ ದೋಣಿ ಸ್ಪರ್ಧೆಯ ಪಟ್ಟಿ ಆಗ ದೋಣಿ ಮುಳುಗುವಷ್ಟು ಉದ್ದವಾಗುತ್ತದೆ. ಹೆಣ್ಣುಮಕ್ಕಳ ತಂಡದ ಎದುರು ಅಭ್ಯಾಸಕ್ಕೆ ನಿಲ್ಲುವ ಹುಡುಗರನ್ನೂ ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಹೆಣ್ಣುಮಕ್ಕಳ ತಂಡದವರು ಅಂತಲೇ ಬರೆಯುತ್ತಿದ್ದದ್ದು 2011ರಲ್ಲಿ ಪತ್ರಿಕೆಗೆ ಬಂತು. ಅದು ಕಳ್ಳಲೆಕ್ಕವೂ ಅಲ್ಲ, ನಿಯಮವೇ ಹಾಗಿತ್ತು. ಗಡ್ಡ ಬಿಟ್ಟವನು ಹೆಣ್ಣುಮಕ್ಕಳ ಲೆಕ್ಕಕ್ಕೆ ಸಲ್ಲುತ್ತಾನೆ, ಇಪ್ಪತ್ತೇಳನೆಯ ಹುಡುಗಿ ಸಲ್ಲುವುದಿಲ್ಲ.

ಇಷ್ಟು ಕೂಡಿ ಕಳೆದು ಯೋಜನೆ ಮಾಡುವ ಕೋಚ್‌ಗೆ ಇನ್ನೂ ಎರಡು ಗಂಡಾಂತರ. ಒಂದು, ಕಾಲೇಜು ಬದಲಿಸಲು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್. 2018ರಲ್ಲಿ ಬಂದದ್ದು. ಓದಿನಲ್ಲಿ ಹಿಂದೆ ಬೀಳದಿದ್ದರೆ 2024ರಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ಮರುವರ್ಷವೇ ಆಡಬಹುದು. ಎರಡನೇ ಗೋಲಿಯಾಗಿ ಕಾದು ಕೂತವಳು ಮಾರ್ಚಿನಲ್ಲಿ ಹೊರಟೇಬಿಡುತ್ತಾಳೆ. ಕೋಚ್‌ಗಳು ಇದನ್ನು ನಿಷ್ಠೆಯ ಕೊರತೆ ಅನ್ನುತ್ತಾರೆ. ತಾವು ಹೆಚ್ಚು ಸಂಬಳಕ್ಕೆ ಬೇರೆ ಕಾಲೇಜಿಗೆ ಹೋದಾಗ ಅದಕ್ಕೆ ಹೊಸ ಅಧ್ಯಾಯ ಅಂತ ಹೆಸರು. ನನ್ನ ಕೇಳಿದರೆ ಈ ಇಡೀ ಪುಸ್ತಕದಲ್ಲಿ ಹುಡುಗಿಯ ಪರವಾಗಿರುವ ನಿಯಮ ಇದೊಂದೇ, ಅದಕ್ಕೇ ಎಲ್ಲರಿಗೂ ಇದರ ಮೇಲೆ ಸಿಟ್ಟು.

ಇನ್ನೊಂದು ಗಂಡಾಂತರ, ತಂಡವೇ ಮಾಯವಾಗುವುದು. ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯದ ಹುಡುಗಿಯರು 2021ರ ಮಾರ್ಚಿನಲ್ಲಿ ತಮ್ಮ ಲೀಗ್ ಗೆದ್ದು ರಾಷ್ಟ್ರೀಯ ಟೂರ್ನಿ ಆಡಿದರು. ಮೇ ತಿಂಗಳಲ್ಲಿ ಹುಡುಗರ ತಂಡದ ಜೊತೆ ಅವರ ತಂಡವನ್ನೂ ಮುಚ್ಚಿದರು. ಎರಡು ವರ್ಷ ಕಳೆದ ಮೇಲೆ ಎರಡೂ ತಂಡಗಳು ಮರಳಿ ಬಂದವು, ಬಿಟ್ಟುಹೋದ ಹುಡುಗಿಯರ ಎರಡು ವರ್ಷ ಬರಲಿಲ್ಲ. ಐದು ವರ್ಷದ ಗಡಿಯಾರಕ್ಕೆ ಇಂಥದ್ದೆಲ್ಲ ಕಾರಣವಲ್ಲ.

ನಾರ್ತ್ ಡಕೋಟಾದ ಕತೆ ಇದಕ್ಕೂ ಮೇಲು. ಆ ವಿಶ್ವವಿದ್ಯಾಲಯದಲ್ಲಿ ಆಡಿ ಬೆಳೆದ ಅವಳಿ ಸೋದರಿಯರು ಜೋಸ್ಲಿನ್ ಮತ್ತು ಮೊನೀಕ್ ಲಾಮರೂ. ನ್ಯಾಯವಾದ ಸಂಬಳ ಸವಲತ್ತು ಕೊಡದಿದ್ದರೆ ವಿಶ್ವ ಚಾಂಪಿಯನ್‌ಷಿಪ್ ಆಡುವುದಿಲ್ಲ ಅಂತ ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡ ಹಟ ಹಿಡಿದಾಗ ಮುಂದೆ ನಿಂತವರಲ್ಲಿ ಇವರೂ ಇದ್ದರು. 2017ರ ಮಾರ್ಚ್ 28ರಂದು ಹಾಕಿ ಒಕ್ಕೂಟ ಮಣಿಯಿತು. ಮಾರನೆಯ ದಿನ, ಮಾರ್ಚ್ 29ರಂದು, ಹಣವಿಲ್ಲ ಅಂತ ನಾರ್ತ್ ಡಕೋಟಾ ತನ್ನ ಹೆಣ್ಣುಮಕ್ಕಳ ಹಾಕಿ ತಂಡವನ್ನು ಮುಚ್ಚಿತು. ಹತ್ತು ಕೋಟಿ ಡಾಲರಿಗೂ ಮೀರಿ ಸುರಿದು 2001ರಲ್ಲಿ ತೆರೆದ ಹಾಕಿ ಅರಮನೆ ಅದೇ ಆವರಣದಲ್ಲಿದೆ. ಮರುವರ್ಷ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನ ಫೈನಲ್. ಕೆನಡಾದ ಎದುರು ಸೋಲುತ್ತಿದ್ದ ಅಮೆರಿಕಕ್ಕೆ ಮೊನೀಕ್ ಸಮಬಲದ ಗೋಲು ಹೊಡೆದಳು. ಶೂಟೌಟಿನಲ್ಲಿ ಗೆಲುವಿನ ಗೋಲು ಜೋಸ್ಲಿನ್‌ದು. ದೇಶಕ್ಕೆ ಇಪ್ಪತ್ತು ವರ್ಷದ ಮೇಲೆ ಚಿನ್ನ ಬಂತು. ಅವರನ್ನು ಬೆಳೆಸಿದ ವಿಶ್ವವಿದ್ಯಾಲಯ ಅಭಿನಂದನೆ ಹೇಳಬಹುದಿತ್ತು, ಕೈಕುಲುಕಲು ತಂಡವಿರಲಿಲ್ಲ.

ಆ ಅರಮನೆಯಲ್ಲಿ ಗಂಡುಮಕ್ಕಳ ತಂಡ ಈಗಲೂ ಆಡುತ್ತಿದೆ. ಹೆಣ್ಣುಮಕ್ಕಳ ತಂಡವನ್ನು ನಾರ್ತ್ ಡಕೋಟಾ ಮತ್ತೆ ಕಟ್ಟಲಿಲ್ಲ.